ಒಂದು ಹೊಳೆಗೆ ಎರಡು ಕಟ್ಟ

ಹವಾಯಿ ಭಾಷೆಯಲ್ಲಿ 'ವೈ' ಅಂದ್ರೆ ನೀರು. ಹೊಳೆಯ ನೀರು, ಕುಡಿಯುವ ನೀರು. ಸಮುದ್ರದ ನೀರಿಗೆ ಬೇರೆಯೇ ಪದ, 'ಕೈ'. ವೈ ಅನ್ನೋದನ್ನ ಎರಡು ಸಲ ಹೇಳಿದರೆ 'ವೈವೈ', ಅಂದ್ರೆ ಆಸ್ತಿ, ಸಂಪತ್ತು. ಕಾನೂನಿಗೆ 'ಕಾನಾವೈ' ಅನ್ನುತ್ತಾರೆ. ಅದರ ಬಾಲದಲ್ಲೂ ನೀರಿದೆ. ಮೊದಮೊದಲ ಕಟ್ಟಳೆಗಳೆಲ್ಲ ನೀರು ಹಂಚಿಕೊಳ್ಳುವುದರ ಬಗ್ಗೆಯೇ ಇದ್ದವು, ಅದಕ್ಕೇ ಈ ಹೆಸರು ಅಂತ ಅಲ್ಲಿನವರು ಬಿಡಿಸಿ ಹೇಳುತ್ತಾರೆ. ಪಂಡಿತರು ಒಪ್ಪಲಿ ಬಿಡಲಿ, ಹಳ್ಳದ ಪಕ್ಕದ ಮನೆಯಲ್ಲಿ ಬೆಳೆದವನಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ನಾನು ಕಣ್ಣಾರೆ ಕಂಡ ಮೊದಲ ಕೋರ್ಟ್ ಕೇಸ್ ಒಂದು ಕಾಲುವೆಯದ್ದು. ದೊಡ್ಡಪ್ಪನಿಗೂ ಪಕ್ಕದ ತೋಟದವರಿಗೂ. ಇಬ್ಬರೂ ಹೋಗಿಬಿಟ್ಟರು, ಕಾಲುವೆ ಇದೆ.

ಹಾಗಾಗಿ ಮಾವಿ ದ್ವೀಪದ ಈಯಾವ್ ಕಣಿವೆಗೆ ಹೋದಾಗ ಎಲ್ಲರೂ ಮೇಲೆ ನೋಡುತ್ತಿದ್ದರೆ ನಾನು ಕೆಳಗೆ ಹೊಳೆ ನೋಡುತ್ತಿದ್ದೆ.

ಕ್ಯಾಲಿಫೋರ್ನಿಯಾಗೆ ಆರು ವಾರದ ಆಫೀಸ್ ಕೆಲಸ ಅಂತ ಹೋದವನು, ಕೊನೆಗೆ ನಾಲ್ಕು ದಿನ ರಜೆ ಹಾಕಿ ಹವಾಯಿಗೆ ಹಾರಿದ್ದೆ. ಜೊತೆಗಿದ್ದ ಇಬ್ಬರಿಗೆ ಬೀಚ್ ಬೇಕಿತ್ತು, ನನಗೆ ಮಳೆ ಬೇಕಿತ್ತು. ಆರು ವಾರ ಒಣ ಬಿಸಿಲಲ್ಲಿ ಇದ್ದು ತಲೆ ಕೆಟ್ಟಿತ್ತು. ಕಹುಲುಯಿ ವಿಮಾನ ನಿಲ್ದಾಣದಿಂದ ವೈಲುಕು ಅನ್ನೋ ಪುಟ್ಟ ಪಟ್ಟಣ ದಾಟಿ, ಬೆಟ್ಟದ ಸಂದಿಯೊಳಗೆ ರಸ್ತೆ ನುಗ್ಗುತ್ತೆ. ಹತ್ತು ನಿಮಿಷದಲ್ಲಿ ಗಾಳಿಯೇ ಬದಲಾಗುತ್ತೆ. ತಣ್ಣಗೆ, ಹಸಿಹಸಿ, ಆಗುಂಬೆ ಘಾಟಿಯ ವಾಸನೆ. ಹೊರಗಿನವರು ಮೊದಲೇ ಆನ್‌ಲೈನ್‌ನಲ್ಲಿ ಜಾಗ ಕಾದಿರಿಸಿ, ಪಾರ್ಕಿಂಗಿಗೂ ಪ್ರವೇಶಕ್ಕೂ ದುಡ್ಡು ಕೊಟ್ಟು ಬರಬೇಕು. ಒಳಗೆ ಕಾಲುದಾರಿ ಒಂದು ಕಿಲೋಮೀಟರೂ ಇಲ್ಲ. 133 ಮೆಟ್ಟಿಲು ಹತ್ತಿದರೆ ನೋಡುವ ಜಾಗ ಮುಗೀತು. ಅದರಾಚೆ ಕಾಡು, ಕಡಿದಾದ ಗೋಡೆಗಳು, ಮೋಡ. ದಾರಿ ಇಲ್ಲ.

ಈ ಬೆಟ್ಟಗಳ ಹೆಸರು ಮೌನಾ ಕಹಾಲಾವೈ. ಮಾವಿ ದ್ವೀಪ ಎರಡು ಜ್ವಾಲಾಮುಖಿಗಳು ಬೆನ್ನಿಗೆ ಬೆನ್ನು ತಾಗಿಸಿ ಕೂತಂತೆ ಆಗಿದ್ದು; ಇದು ಅವೆರಡರಲ್ಲಿ ಹಳೆಯದು. ಬೆಂಕಿ ಆರಿದ ಮೇಲೆ ಉಳಿದ ಕೆಲಸ ಮಾಡಿದ್ದು ಮಳೆ. ಜ್ವಾಲಾಮುಖಿಯ ನಡುಬಾಯಿಯನ್ನೇ ನೀರು ಕೊರೆದು ಕೊರೆದು ಈ ಕಣಿವೆ ಆಗಿದೆ. ನೆತ್ತಿಯ ಪುಉ ಕುಕುಯಿ ಶಿಖರ ಭೂಮಿಯ ಅತಿ ಹೆಚ್ಚು ಮಳೆಯ ಜಾಗಗಳಲ್ಲಿ ಒಂದು: ವರ್ಷಕ್ಕೆ ಸರಾಸರಿ 9,000 ಮಿಲಿಮೀಟರಿಗೂ ಮೇಲೆ. ನಮ್ಮ ಆಗುಂಬೆಯದ್ದು 7,000ದ ಆಸುಪಾಸು. ಆಗುಂಬೆಯವರು ಬೇಜಾರು ಮಾಡ್ಕೋಬಾರದು. ತಮಾಷೆ ಏನಂದ್ರೆ, ಅದೇ ಶಿಖರದಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಬೆಟ್ಟದ ಆಚೆ ಮಗ್ಗುಲಲ್ಲಿರುವ ಲಹೈನಾ ಪಟ್ಟಣಕ್ಕೆ 400 ಮಿಲಿಮೀಟರ್ ಬಿದ್ದರೆ ಹೆಚ್ಚು. ಇಷ್ಟು ಚಿಕ್ಕ ಜಾಗದಲ್ಲಿ ಆಗುಂಬೆಯೂ ಚಳ್ಳಕೆರೆಯೂ ಅಕ್ಕಪಕ್ಕ ಇದ್ದಹಾಗೆ. ಮುಂದೆ ಹೇಳೋ ಜಗಳಕ್ಕೆಲ್ಲ ಮೂಲ ಇಲ್ಲೇ ಇದೆ.

ಎಲ್ಲರೂ ಫೋಟೊ ತೆಗೆಯುವ ಕಲ್ಲಿನ ಹೆಸರು ಕೂಕೈಮೋಕು. ಇಂಗ್ಲಿಷಿನವರು 'ಈಯಾವ್ ಸೂಜಿ' ಅಂತ ಕರೆದರು. ಕಣಿವೆಯ ತಳದಿಂದ 1,200 ಅಡಿ ಎತ್ತರ, ಮೈತುಂಬ ಹಸಿರು. ಒಂಟಿ ಕಂಬದ ಥರ ಕಾಣುತ್ತೆ, ಆದರೆ ಕಂಬ ಅಲ್ಲ. ಹಿಂದಿನ ಏಣಿನ ತುದಿ ಉಬ್ಬಿಕೊಂಡಿದೆ, ಮೆಟ್ಟಿಲ ಮೇಲಿಂದ ನೋಡುವವರಿಗೆ ಮಾತ್ರ ಸೂಜಿ. ಸ್ಥಳೀಯರಿಗೆ ಇದು ಸಮುದ್ರದೇವ ಕನಲೋವಾನ ಲಿಂಗ. ನಮ್ಮ ಕಡೆ ಆಗಿದ್ದರೆ ಇಷ್ಟು ಹೊತ್ತಿಗೆ ಬುಡದಲ್ಲಿ ಒಂದು ಗುಡಿ, ಒಂದು ಹಣ್ಣುಕಾಯಿ ಅಂಗಡಿ, ಶಿವರಾತ್ರಿಗೆ ಸ್ಪೆಷಲ್ ಬಸ್ ಇರುತ್ತಿತ್ತು. ಅಲ್ಲಿ ಮೊದಲಿಂದ ಉಲ್ಟಾ: ಯಾರೂ ಹತ್ತಿರ ಹೋಗದ ಜಾಗ. 15ನೇ ಶತಮಾನದ ಸುಮಾರಿಗೆ ಕಾಕೈ ಅನ್ನೋ ಮಾವಿಯ ಅರಸ ಈ ಕಣಿವೆಯನ್ನ ಅರಸು ಮನೆತನದವರ ಮೂಳೆ ಇಡುವ ಜಾಗ ಅಂತ ಗೊತ್ತುಮಾಡಿದ ಅನ್ನುತ್ತಾರೆ. ಮೂಳೆಯಲ್ಲಿ ಸತ್ತವರ ಶಕ್ತಿ ಇರುತ್ತೆ, ಶತ್ರು ಕೈಗೆ ಸಿಕ್ಕಬಾರದು ಅನ್ನೋದು ನಂಬಿಕೆ. ಹಾಗಾಗಿ ಗುಟ್ಟಾಗಿ ಹೂಳುತ್ತಿದ್ದರು. ಎಲ್ಲೆಲ್ಲಿ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಪಾರ್ಕಿನಿಂದ ಸ್ವಲ್ಪ ಕೆಳಗೆ ಹೊಳೆಗೆ ತಾಗಿ ಇನ್ನೊಂದು ಜಾಗ ಇದೆ, ಕೆಪನಿವೈ. ಪದ ಒಡೆದರೆ, ನೀರಿಗೆ ಹಾಕಿದ ತಡೆ. ನಮ್ಮ ಭಾಷೆಯಲ್ಲಿ ಒಂದೇ ಪದ ಸಾಕು: ಕಟ್ಟ. ಮಳೆಗಾಲ ಮುಗಿದು ಹಳ್ಳ ಸಣ್ಣಗಾದಾಗ ಊರವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟುತ್ತಾರಲ್ಲ, ಅದೇ. ಕೆಪನಿವೈನ ಕಟ್ಟಕ್ಕೆ ಹಾಕಿದ್ದು ಕಲ್ಲು ಮಣ್ಣಲ್ಲ, ಹೆಣ.

1790ರ ಮಾತು. ಆ ವರ್ಷದ ಶುರುವಿನಲ್ಲಿ ಸೈಮನ್ ಮೆಟ್‌ಕಾಫ್ ಅನ್ನೋ ಅಮೆರಿಕದ ವ್ಯಾಪಾರಿ ಕ್ಯಾಪ್ಟನ್ ಎಲೆನೋರಾ ಅನ್ನೋ ಹಡಗಿನಲ್ಲಿ ಈ ದ್ವೀಪಗಳಿಗೆ ಬಂದಿದ್ದ. ಮಾವಿಯಲ್ಲಿ ರಾತ್ರಿ ಅವನ ಒಂದು ದೋಣಿ ಕದ್ದರು, ಕಾವಲುಗಾರ ಸತ್ತ. ಮೆಟ್‌ಕಾಫ್ ಹಡಗನ್ನ ಒಲೊವಾಲು ಅನ್ನೋ ಊರ ಮುಂದೆ ತಂದು ನಿಲ್ಲಿಸಿ, ಬನ್ನಿ ವ್ಯಾಪಾರ ಮಾಡೋಣ ಅಂತ ಕರೆದ. ಜನ ದೋಣಿ ತುಂಬ ಸಾಮಾನು ಹೇರಿಕೊಂಡು ಬಂದರು. ಎಲ್ಲರೂ ಹಡಗಿನ ಒಂದೇ ಮಗ್ಗುಲಿಗೆ ಸೇರುವ ಹಾಗೆ ಮಾಡಿ, ಆ ಕಡೆಯ ಫಿರಂಗಿಗಳನ್ನೆಲ್ಲ ಒಟ್ಟಿಗೆ ಹಾರಿಸಿದ. ಸುಮಾರು ನೂರು ಜನ ಸತ್ತರು. ಕಳ್ಳತನ ಮಾಡಿದವರು ಯಾರೋ, ಸತ್ತವರು ಯಾರೋ.

ಇದೇ ಪ್ರಯಾಣದಲ್ಲಿ, ದಕ್ಷಿಣದ ದೊಡ್ಡ ದ್ವೀಪದ ಕಮೆಯಿಯಮೋಕು ಅನ್ನೋ ಮುಖಂಡನಿಗೂ ಮೆಟ್‌ಕಾಫ್ ಹಗ್ಗದಲ್ಲಿ ಬಾರಿಸಿದ್ದ. ಮುಂದೆ ಬರೋ ಬಿಳಿಯರ ಹಡಗನ್ನ ಬಿಡಲ್ಲ ಅಂತ ಆತ ಶಪಥ ಮಾಡಿದ. ಮುಂದೆ ಬಂದಿದ್ದು ಫೇರ್ ಅಮೆರಿಕನ್ ಅನ್ನೋ ಚಿಕ್ಕ ಹಡಗು. ಕೆಲವೇ ಜನ. ಅದರ ಕ್ಯಾಪ್ಟನ್ ಮೆಟ್‌ಕಾಫನ ಮಗನೇ, ಹತ್ತೊಂಬತ್ತರ ಆಸುಪಾಸಿನ ಹುಡುಗ. ಯಾರ ಮಗ ಅಂತ ಗೊತ್ತಿಲ್ಲದೆಯೇ ಅವನನ್ನ ಕೊಂದರು. ಉಳಿದಿದ್ದು ಐಸಾಕ್ ಡೇವಿಸ್ ಅನ್ನೋ ಒಬ್ಬನೇ. ಹಡಗು, ಬಂದೂಕು, ಫಿರಂಗಿ ಎಲ್ಲ ಕಮೆಹಮೆಹ ಅನ್ನೋ ಅರಸನ ಕೈ ಸೇರಿದವು. ಸುದ್ದಿ ಹೊರಗೆ ಹೋಗಬಾರದು ಅಂತ, ದಡದಲ್ಲಿದ್ದ ಎಲೆನೋರಾದ ನಾವಿಕ ಜಾನ್ ಯಂಗ್‌ನನ್ನೂ ಆತ ವಾಪಸ್ ಬಿಡಲಿಲ್ಲ. ಮೆಟ್‌ಕಾಫ್ ಕೆಲವು ದಿನ ಕಾದು ಹೊರಟುಹೋದ, ಮಗ ಅಲ್ಲೇ ಹತ್ತಿರದಲ್ಲಿ ಸತ್ತಿದ್ದು ಗೊತ್ತಿಲ್ಲದೆ.

ಎರಡು ದರೋಡೆ, ಒಂದು ಹಗ್ಗದೇಟು, ಒಂದು ಸಿಟ್ಟು. ಇಷ್ಟರಿಂದ ಒಬ್ಬ ಅರಸನಿಗೆ ಫಿರಂಗಿ ಸಿಕ್ಕಿತು, ಅದನ್ನ ಹಾರಿಸೋಕೆ ಇಬ್ಬರು ಸಿಕ್ಕರು. ದೊಡ್ಡ ದೊಡ್ಡ ಚರಿತ್ರೆ ಪುಸ್ತಕಗಳಲ್ಲಿ 'ಹವಾಯಿಯ ಏಕೀಕರಣ' ಅಂತ ಬರೋದರ ಶುರು ಇಷ್ಟು ಸಣ್ಣದು.

ಕಮೆಹಮೆಹ ಅದೇ ವರ್ಷ ಕಹುಲುಯಿ ದಂಡೆಯಲ್ಲಿ ದೋಣಿಗಳನ್ನ ಇಳಿಸಿದ, ಈಗ ವಿಮಾನ ಇಳಿಯುತ್ತಲ್ಲ, ಅದರ ಹತ್ತಿರವೇ. ಮಾವಿಯ ಅರಸ ಕಹೆಕಿಲಿ ಆಗ ಒವಾಹು ದ್ವೀಪದಲ್ಲಿದ್ದ. ಮಗ ಕಲನಿಕೂಪುಲೆ ಎದುರು ನಿಂತ. ಬಯಲಲ್ಲಿ ತಡೆಯಲಾಗದೆ ಅವನ ಸೈನ್ಯ ಈಯಾವ್ ಕಣಿವೆಯೊಳಗೆ ಹಿಂದೆ ಸರಿಯಿತು. ಈಟಿ, ಕವಣೆಯ ಕಾಲದಲ್ಲಿ ಅದು ಒಳ್ಳೇ ಉಪಾಯವೇ. ಬಾಯಿ ಕಿರಿದು, ಎರಡೂ ಕಡೆ ಗೋಡೆ; ಕೋಟೆ ಕಟ್ಟೋದೇ ಬೇಡ. ಆದರೆ ಡೇವಿಸ್ ಮತ್ತು ಯಂಗ್ 'ಲೊಪಾಕ' ಅಂತ ಹೆಸರಿಟ್ಟಿದ್ದ ಫಿರಂಗಿಯನ್ನ ಕಣಿವೆಗೆ ಎಳೆದು ತಂದಿದ್ದರು. ಕೋಟೆಯಾಗಿದ್ದದ್ದು ಬೋನಾಯಿತು. ಜನ ಗೋಡೆ ಹತ್ತೋಕೆ ನೋಡಿದರು. ಆ ಯುದ್ಧಕ್ಕೆ ಇನ್ನೊಂದು ಹೆಸರೂ ಇದೆ, ಕಉವಉಪಲಿ, ಬಂಡೆಗೆ ಉಗುರು ಹಾಕಿ ಪರಚಿದ್ದು ಅನ್ನೋ ಅರ್ಥದ್ದು. ನಾನು ಆ ಗೋಡೆಗಳನ್ನ ನೋಡಿದ್ದೇನೆ. ಪಾಚಿ, ಜರಿಗಿಡ, ತೊಟ್ಟಿಕ್ಕುವ ನೀರು, ನೆಟ್ಟಗೆ ಮೇಲಕ್ಕೆ. ಹಿಡಿಯೋಕೆ ಏನೂ ಇಲ್ಲ.

ಹೆಣ ಬಿದ್ದು ಬಿದ್ದು ಹೊಳೆ ನಿಂತಿತು ಅಂತ ಹೇಳುತ್ತಾರೆ. ಕೆಪನಿವೈ.

ಇಷ್ಟೆಲ್ಲ ಆಗಿ ಕಮೆಹಮೆಹನಿಗೆ ಮಾವಿ ಉಳಿಯಲಿಲ್ಲ ಅನ್ನೋದನ್ನ ಟೂರಿಸ್ಟ್ ಕಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅವನ ಊರಿನಲ್ಲೇ ದಾಯಾದಿ ದಂಡೆತ್ತಿದ್ದರಿಂದ ವಾಪಸ್ ಓಡಬೇಕಾಯಿತು, ಕಹೆಕಿಲಿ ಮಾವಿಯನ್ನ ಮತ್ತೆ ಹಿಡಿದ. ಕಮೆಹಮೆಹ ದ್ವೀಪಗಳನ್ನ ಗೆದ್ದಿದ್ದು 1795ರಲ್ಲಿ, ಕಹೆಕಿಲಿ ಸತ್ತ ಮೇಲೆ. 1790ರ ಕಣಿವೆಯಿಂದ ಅವನಿಗೆ ನಿಜವಾಗಿ ದಕ್ಕಿದ್ದು ಬೇರೆ.

ಯುದ್ಧ ನಡೆಯುವಾಗ ಮಾವಿಯ ಹಿರಿಯ ರಾಣಿ ಕಲೋಲ, ಮಗಳು ಮತ್ತು ಮೊಮ್ಮಗಳನ್ನ ಕಟ್ಟಿಕೊಂಡು ಕಣಿವೆಯ ಹಿಂದಿನ ಕಣಿವೆದಾರಿ ಹತ್ತಿ ಬೆಟ್ಟ ದಾಟಿದಳು. ಇಳಿದಿದ್ದು ಎಲ್ಲಿ? ಒಲೊವಾಲುವಿನಲ್ಲಿ, ಕೆಲವು ತಿಂಗಳ ಹಿಂದೆ ಮೆಟ್‌ಕಾಫ್ ಫಿರಂಗಿ ಹಾರಿಸಿದ ಅದೇ ಊರು. ಅಲ್ಲಿಂದ ದೋಣಿಯಲ್ಲಿ ಮೊಲೊಕಾಯಿ ದ್ವೀಪಕ್ಕೆ. ಮೊಮ್ಮಗಳ ಹೆಸರು ಕೆಯೋಪುವೊಲಾನಿ, ಹನ್ನೆರಡರ ಆಸುಪಾಸಿನ ಹುಡುಗಿ. ಹುಟ್ಟಿನಿಂದ ಅವಳ ಸ್ಥಾನ ಎಷ್ಟು ಮೇಲಿತ್ತು ಅಂದ್ರೆ, ಗೆದ್ದ ಕಮೆಹಮೆಹನೇ ಅವಳೆದುರು ಬಾಗಬೇಕು. ಕಲೋಲ ಸಾಯುವ ಮುಂಚೆ ಹುಡುಗಿಯನ್ನ ಅವನ ವಶಕ್ಕೆ ಕೊಟ್ಟಳು, ಮುಂದೆ ಆತ ಮದುವೆಯಾದ. ಫಿರಂಗಿಯಿಂದ ಸಿಗದ ಮಾನ್ಯತೆ ಅವನ ಮಕ್ಕಳಿಗೆ ಈ ಹೆಣ್ಣಿನಿಂದ ಸಿಕ್ಕಿತು. ಅವಳ ಇಬ್ಬರು ಗಂಡುಮಕ್ಕಳೇ ಎರಡನೇ ಮತ್ತು ಮೂರನೇ ಕಮೆಹಮೆಹ.

ಅವಳು ಬರೀ ಕೈಬದಲಾದ ರಾಜಕುಮಾರಿಯಾಗಿ ಉಳಿಯಲಿಲ್ಲ. ಆ ಕಾಲದಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂತು ಉಣ್ಣೋ ಹಾಗಿರಲಿಲ್ಲ. ಹೆಂಗಸರು ಬಾಳೆಹಣ್ಣು, ತೆಂಗಿನಕಾಯಿ, ಹಂದಿ ಮಾಂಸ ತಿನ್ನೋ ಹಾಗಿರಲಿಲ್ಲ. ಮುರಿದರೆ ಸಾವು. 1819ರಲ್ಲಿ ಗಂಡ ಸತ್ತ ಮೇಲೆ ಕೆಯೋಪುವೊಲಾನಿ ಎಲ್ಲರೆದುರು ಚಿಕ್ಕ ಮಗನ ಜೊತೆ ಕೂತು ಊಟ ಮಾಡಿದಳು. ಆ ಒಂದು ಪಂಕ್ತಿಭೇದ ಬಿದ್ದಿದ್ದೇ ತಡ, ಹಳೇ ಕಟ್ಟಳೆಗಳ ಇಡೀ ಗೋಡೆ ಬಿತ್ತು. ಸಹಪಂಕ್ತಿ ಅನ್ನೋ ಪದದ ತೂಕ ನಮಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು.

ಇನ್ನು ಎರಡನೇ ಕಟ್ಟ.

ಪಾರ್ಕಿನೊಳಗೆ ಹೊಳೆ ಪಕ್ಕ ಒಂದು ಚಿಕ್ಕ ತೋಟ ಇದೆ, ಹಳೇ ಕಾಲದ ಗದ್ದೆಗಳ ಮಾದರಿ. ನಿಂತ ನೀರಲ್ಲಿ ಅಗಲ ಎಲೆಗಳು. ಫೋಟೊ ತೆಗೆದು, ವೈಲುಕುಗೆ ಇಳಿದ ಮೇಲೆ ಮನೆಗೆ ಫೋನ್ ಮಾಡಿದೆ. ನನಗೆ ಮಧ್ಯಾಹ್ನ ಮೂರೂವರೆ, ಅಮ್ಮನಿಗೆ ಮರುದಿನ ಬೆಳಿಗ್ಗೆ ಏಳು.

"ಇದು ಕೆಸು ಅಲ್ವೇನೋ? ಅದಕ್ಕೆ ದುಡ್ಡು ಕೊಟ್ಟು ಒಳಗೆ ಹೋದ್ಯಾ?" ಅಂದರು ಅಮ್ಮ.

ಕೆಸುವೇ. ನಾವು ಪತ್ರೊಡೆ ಮಾಡೋ ಅದೇ ಗಿಡ. ಅಲ್ಲಿ ಕಾಲೊ ಅನ್ನುತ್ತಾರೆ. ನಾವು ಎಲೆಗೆ ಬಾಯಿ ಬಿಟ್ಟರೆ ಅವರು ಗೆಡ್ಡೆಗೆ. ಬೇಯಿಸಿ ಜಜ್ಜಿ ಮಾಡೋ 'ಪೊಯ್' ಅವರ ಮುದ್ದೆ, ಅವರ ಅನ್ನ. ಅವರ ಪುರಾಣದಲ್ಲಿ ಆಕಾಶದೇವನಿಗೆ ಹುಟ್ಟಿದ ಮೊದಲ ಮಗು ಉಸಿರಿಲ್ಲದೆ ಹುಟ್ಟಿತು. ಹೂತ ಜಾಗದಲ್ಲಿ ಕೆಸು ಚಿಗುರಿತು. ಎರಡನೇ ಮಗು ಮನುಷ್ಯ. ಅಂದ್ರೆ ಕೆಸು ಅಣ್ಣ, ನಾವು ತಮ್ಮಂದಿರು. ಇದನ್ನ ಅಮ್ಮನಿಗೆ ಹೇಳಿದೆ. "ಅಣ್ಣನ್ನೇ ಬೇಯ್ಸಿ ತಿಂತಾರಾ?" ಅಂದರು. ಅಪ್ಪಯ್ಯ ಹಿಂದಿನಿಂದ, "ನೀರು ಹೆಂಗೆ ತರ್ತಾರೆ ಕೇಳು" ಅಂದರು.

ಅಪ್ಪಯ್ಯನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಹೊಳೆಯಿಂದ 'ಔವೈ' ಅನ್ನೋ ಕಾಲುವೆ ತೋಡಿ, ಗದ್ದೆಯಿಂದ ಗದ್ದೆಗೆ ನೀರು ಇಳಿಸಿ, ಕೊನೆಗೆ ಮತ್ತೆ ಹೊಳೆಗೇ ಬಿಡುತ್ತಿದ್ದರು. ನೀರಿನ ಹಕ್ಕುಗಳ ಕಮಿಷನರ್ ಆಗಿದ್ದ ಎಮ್ಮಾ ನಕುಯಿನಾ ಅನ್ನೋ ಹವಾಯಿ ಹೆಂಗಸು ಈ ಹಳೇ ನಿಯಮಗಳನ್ನ 1890ರ ದಶಕದಲ್ಲಿ ಬರೆದಿಟ್ಟಿದ್ದಾರೆ. ಕಾಲುವೆ ತೋಡುವಾಗ ಯಾರು ಎಷ್ಟು ಆಳು ಕಳಿಸಿದರೋ ಅಷ್ಟು ಪಾಲು ನೀರು. ಸರದಿ ಪ್ರಕಾರ, ಗಂಟೆ ಲೆಕ್ಕ. ಕಟ್ಟಕ್ಕೆ ಕಲ್ಲು ಮತ್ತು ಮಣ್ಣುಹೆಂಟೆಯನ್ನ ಸಡಿಲವಾಗಿಯೇ ಇಡಬೇಕು, ಸಂದಿಯಲ್ಲಿ ನೀರು ಸೋರಿ ಕೆಳಗಿನವರಿಗೂ ಹೋಗುವ ಹಾಗೆ. ಯಾವ ಕಾಲುವೆಯೂ ಹೊಳೆಯ ಅರ್ಧಕ್ಕಿಂತ ಹೆಚ್ಚು ನೀರು ಎಳೆಯಬಾರದು. ಈಯಾವ್‌ನಿಂದ ಇಳಿಯುವ ಹೊಳೆ ಮತ್ತು ಅದರ ಅಕ್ಕಪಕ್ಕದ ಮೂರು ಹೊಳೆಗಳಿಗೆ ಸೇರಿ 'ನಾ ವೈ ಎಹಾ', ನಾಲ್ಕು ನೀರು, ಅಂತ ಹೆಸರು. ಇಡೀ ಹವಾಯಿಯ ಅತಿ ದೊಡ್ಡ ಕೆಸುಗದ್ದೆ ಬಯಲುಗಳಲ್ಲಿ ಇದೂ ಒಂದು.

1848ರಲ್ಲಿ ಮೂರನೇ ಕಮೆಹಮೆಹ ಭೂಮಿಯನ್ನ ಅರಸ, ಮುಖಂಡರು, ಸರ್ಕಾರ ಅಂತ ಪಾಲು ಮಾಡಿದ. ಇದೇ 'ಮಾಹೆಲೆ'. ಬೆಟ್ಟ ದಾಟಿದ ಆ ಹುಡುಗಿಯ ಚಿಕ್ಕ ಮಗ, ತಾಯಿ ಜೊತೆ ಕೂತು ಉಂಡವನೇ ಇವನು. ಬಿಳಿಯರ ರಾಜ್ಯಗಳು ಕಬಳಿಸುವ ಮುಂಚೆ ಕಾಗದಪತ್ರ ಮಾಡಿಟ್ಟರೆ ಭೂಮಿ ಉಳಿಯುತ್ತೆ ಅಂತ ಅವನ ಲೆಕ್ಕ. ಎರಡು ವರ್ಷ ಬಿಟ್ಟು ಉಳುವವರೂ ಅರ್ಜಿ ಹಾಕಬಹುದು ಅಂತ ಕಾಯ್ದೆ ಬಂತು. ಸರ್ವೆ ಆಗಬೇಕು, ಸಾಕ್ಷಿ ಬೇಕು, ಗಡುವು ಇದೆ. ಭೂಸುಧಾರಣೆ ಕಾಲದಲ್ಲಿ ಡಿಕ್ಲರೇಷನ್ ಕೊಡದೆ ಜಮೀನು ಕಳಕೊಂಡವರ ಕಥೆ ನಮ್ಮಲ್ಲೂ ಮನೆಮನೆಗೆ ಇದೆಯಲ್ಲ, ಹಾಗೇ. ಕೊನೆಗೆ ಸಾಮಾನ್ಯ ಜನರಿಗೆ ದಕ್ಕಿದ್ದು ಒಟ್ಟು ಭೂಮಿಯ ಶೇ. 1ಕ್ಕಿಂತ ಕಡಿಮೆ. ಅದೇ 1850ರಲ್ಲಿ ವಿದೇಶಿಯರೂ ಭೂಮಿ ಕೊಳ್ಳಬಹುದು ಅಂತಾಯಿತು.

1862ರಲ್ಲಿ ವೈಲುಕು ಶುಗರ್ ಕಂಪನಿ ಶುರುವಾಯಿತು. ಕಬ್ಬಿನ ಹಸಿವು ಮಂಡ್ಯದವರಿಗೆ ಗೊತ್ತು. ಅದು ಬೆಳೆಯೋ ಬಿಸಿಲ ಬಯಲಲ್ಲಿ ಮಳೆ ಇಲ್ಲ, ಮಳೆ ಬೀಳೋ ಕಣಿವೆಯಲ್ಲಿ ಬಯಲಿಲ್ಲ. ಹಾಗಾಗಿ ಕಾಲುವೆ. ಸಕ್ಕರೆ ದೊರೆ ಕ್ಲಾಸ್ ಸ್ಪ್ರೆಕಲ್ಸ್ ಅರಮನೆಯ ಜಮೀನಿನ ಮೇಲೆ ಒಬ್ಬ ರಾಜಕುಮಾರಿಗಿದ್ದ ಹಕ್ಕನ್ನ 10,000 ಡಾಲರಿಗೆ ಕೊಂಡು, ಅದನ್ನ ತೋರಿಸಿ 1882ರಲ್ಲಿ ವೈಲುಕುವಿನ 24,000 ಎಕರೆ ಬರೆಸಿಕೊಂಡ. ಹೊಳೆಗಳಿಗೆ ಅಡ್ಡ ಹಾಕಿದ ಹೊಸ ಕಟ್ಟಗಳ ಕಲ್ಲು ಸಡಿಲ ಇರಲಿಲ್ಲ. ಬೇಸಗೆಯಲ್ಲಿ ಹೊಳೆ ಅಲ್ಲಿಗೇ ಮುಗಿಯುತ್ತಿತ್ತು, ಕೆಳಗೆ ಬರೀ ಉರುಟು ಕಲ್ಲು. ಕೆಸುಗದ್ದೆಗಳು ಒಣಗಿದವು. ಜಪಾನ್, ಚೀನಾ, ಪೋರ್ಚುಗಲ್, ಫಿಲಿಪೀನ್ಸ್, ಕೊರಿಯಾದಿಂದ ಕೂಲಿಯವರು ಬಂದರು. ಅವರೆಲ್ಲರ ನೆನಪಿಗೆ ಒಂದೊಂದು ದೇಶದ ಮಾದರಿಯ ಚಿಕ್ಕ ಮನೆ ಕಟ್ಟಿ ಉದ್ಯಾನ ಮಾಡಿದ್ದಾರೆ, ಎಲ್ಲಿ ಅಂದ್ರೆ ಅದೇ ಕೆಪನಿವೈನಲ್ಲಿ. ಭಾನುವಾರ ಜನ ಬುತ್ತಿ ತಂದು ಉಣ್ಣುತ್ತಾರೆ, ಮಕ್ಕಳು ಹೊಳೆಗೆ ಹಾರುತ್ತಾರೆ.

ಮೊದಲ ಕಟ್ಟ ಕೆಲವು ದಿನ ಇದ್ದಿರಬೇಕು. ಎರಡನೆಯದು ನೂರು ವರ್ಷ ದಾಟಿತು. ವೈಲುಕು ಕಂಪನಿ 1980ರ ದಶಕದ ಕೊನೆಗೆ ಕಬ್ಬು ನಿಲ್ಲಿಸಿದರೂ ಕಾಲುವೆ ಬಿಡಲಿಲ್ಲ. ಮುಂದೆ ಹೆಸರಿನಲ್ಲಿದ್ದ ಸಕ್ಕರೆ ತೆಗೆದು 'ವಾಟರ್' ಅಂತ ಹಾಕಿಕೊಂಡು ನೀರನ್ನೇ ಮಾರಿತು. 2004ರಲ್ಲಿ ಅಲ್ಲಿನ ರೈತರು 'ಹುಯಿ ಒ ನಾ ವೈ ಎಹಾ' ಅಂತ ಸಂಘ ಕಟ್ಟಿಕೊಂಡು ರಾಜ್ಯದ ಜಲ ಆಯೋಗಕ್ಕೆ ಅರ್ಜಿ ಹಾಕಿದರು. ಅವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಹವಾಯಿಯ ಸಂವಿಧಾನವೇ. 1978ರಲ್ಲಿ ತಿದ್ದಿದ ಆ ಸಂವಿಧಾನದ ಪ್ರಕಾರ ನೀರು ಯಾರ ಸ್ವತ್ತೂ ಅಲ್ಲ, ಜನರ ಪರವಾಗಿ ಸರ್ಕಾರ ಕಾಯಬೇಕಾದ ನಿಧಿ. 2010ರಲ್ಲಿ ಆಯೋಗ ಎರಡು ಹೊಳೆಗಳಿಗೆ ಸ್ವಲ್ಪ ನೀರು ಬಿಡಿಸಿ, ಈಯಾವ್ ಹೊಳೆಗೆ ಒಂದು ಹನಿಯೂ ಇಲ್ಲ ಅಂದಿತು. 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಆದೇಶವನ್ನ ರದ್ದು ಮಾಡಿತು. 2014ರಲ್ಲಿ ರಾಜಿಯಾಗಿ, ದಿನಕ್ಕೆ 1 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 3.8 ಕೋಟಿ ಲೀಟರ್, ಈಯಾವ್ ಹೊಳೆಗೆ ವಾಪಸ್ ಬಂತು. ಮರುವರ್ಷ ಹೊಳೆಗೆ ಹಳೇ ಹೆಸರೂ ವಾಪಸ್ ಬಂತು: ವೈಲುಕು ನದಿ. ವಿನಾಶದ ನೀರು ಅಂತ ಅದರ ಅರ್ಥ ಹೇಳುತ್ತಾರೆ. 2016ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ನೆರೆಯಲ್ಲಿ ಪಾರ್ಕಿನ ದಡಗಳನ್ನೇ ಕೊಚ್ಚಿಹಾಕಿ, ಹೆಸರು ಸುಮ್ಮನೆ ಇಟ್ಟಿದ್ದಲ್ಲ ಅಂತ ನದಿ ತೋರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾವಿಯ, ಇಡೀ ಹವಾಯಿಯ, ಕೊನೆಯ ದೊಡ್ಡ ಕಬ್ಬಿನ ತೋಟ ಕೊನೆಯ ಕಟಾವು ಮುಗಿಸಿತು. ಯಾರಿಗೆ ಎಷ್ಟು ನೀರು ಅನ್ನೋ ಕೇಸು ಆಮೇಲೂ ನಡೆದಿದೆ.

ಈ ನದಿಯಲ್ಲಿ ಒಓಪು ಅಂತ ಒಂದು ಬೆರಳುದ್ದದ ಮೀನಿದೆ. ಹೊಳೆಯಲ್ಲಿ ಮೊಟ್ಟೆ ಇಡುತ್ತೆ, ಮರಿ ತೇಲಿಕೊಂಡು ಸಮುದ್ರ ಸೇರುತ್ತೆ, ಕೆಲವು ತಿಂಗಳು ಉಪ್ಪು ನೀರಲ್ಲಿ ಬೆಳೆದು ಮತ್ತೆ ಹೊಳೆಗೆ ಹತ್ತುತ್ತೆ. ಹೊಟ್ಟೆಯ ಕೆಳಗಿನ ರೆಕ್ಕೆಗಳು ಸೇರಿ ಒಂದು ಬಟ್ಟಲಿನ ಥರ ಆಗಿವೆ. ಅದನ್ನ ಬಂಡೆಗೆ ಒತ್ತಿ ಹಿಡಿದು ಜಲಪಾತವನ್ನೇ ಹತ್ತುವ ಜಾತಿಗಳೂ ಇವೆ. ಮನುಷ್ಯರಿಗೆ ಆಗದ ಗೋಡೆ ಅದಕ್ಕೆ ಆಗುತ್ತೆ. ಅದಕ್ಕೆ ಬೇಕಾದ್ದು ಒಂದೇ, ಬೆಟ್ಟದಿಂದ ಸಮುದ್ರದವರೆಗೆ ಎಲ್ಲೂ ಕಡಿಯದ ನೀರು.

ಸಂಜೆ ವೈಲುಕು ಪಟ್ಟಣದ ಕೆಳಗೆ ನದಿ ಸಮುದ್ರ ಸೇರೋ ಕಡೆಗೆ ಹೋಗಿದ್ದೆ. ಪ್ರವಾಹ ತಡೆಯೋಕೆ ಅಂತ ಅಲ್ಲಿ ನದಿಗೆ ಸಿಮೆಂಟಿನ ತಳ, ಸಿಮೆಂಟಿನ ಗೋಡೆ ಮಾಡಿದ್ದಾರೆ, ನಮ್ಮ ಬೆಂಗಳೂರಿನ ರಾಜಕಾಲುವೆ ಥರ. ಮಧ್ಯೆ ನೆಟ್ಟಗೆ ಬೀಳುವ ಸಿಮೆಂಟಿನ ಮೆಟ್ಟಿಲುಗಳೂ ಇವೆ, ಮೀನಿಗೆ ಬಂಡೆಗಿಂತ ಕಷ್ಟದವು. ಆ ಹೊತ್ತಿಗೆ ತಳದ ನಡುವೆ ಮೊಣಕಾಲು ಮುಟ್ಟದಷ್ಟು ನೀರು ಹರಿಯುತ್ತಿತ್ತು. ತೆಳ್ಳಗೆ, ಆದರೆ ನಿಲ್ಲದೆ, ಸಮುದ್ರದವರೆಗೂ.